ಚಿಕೋರಿಯನ್ನು ಅಷ್ಟೊಂದು ಬೈಯಬೇಡಿ

ಚಿಕೋರಿ ಬೆರೆತದ್ದು ಕಾಫಿಯೇ ಅಲ್ಲ ಅಂತ ಕಾಫಿ ಬಗ್ಗೆ ನಾನು ಓದಿದ ಲೇಖನವೊಂದರಲ್ಲಿ ಲೇಖಕರು ತೀರ್ಪು ಕೊಟ್ಟುಬಿಟ್ಟಿದ್ದಾರೆ. ಕಪ್ಪು ಕಾಫಿ ಕುಡಿಯುವವರಿಗೆ ಸರಿ ಇರಬಹುದು. ಹಾಲು ಹಾಕಿ ಕುಡಿಯುವ ನಮ್ಮಂಥವರಿಗೆ ಸ್ವಲ್ಪ ಚಿಕೋರಿ ಬೇಕೇ ಬೇಕು ಸಾರ್. ಅದು ಹುರಿದ ಬೇರಿನ ಪುಡಿ, ಅದರಲ್ಲಿ ಕೆಫೀನ್ ಇಲ್ಲ, ನಿಜ. ಆದರೆ ಡಿಕಾಕ್ಷನ್‌ಗೆ ಆ ಬಣ್ಣ, ಆ ಮಂದ ಬರೋದು ಅದರಿಂದಲೇ. ನಮ್ಮ ಮನೆಯಲ್ಲಿ 85:15, ಅಂದರೆ 85 ಭಾಗ ಕಾಫಿ, 15 ಭಾಗ ಚಿಕೋರಿ; ಕಾಫಿಯಲ್ಲಿ ಅರೇಬಿಕಾ ತಳಿಯ ಜೊತೆ ಒಂದಿಷ್ಟು ಪೀಬೆರಿ (ಹಣ್ಣಿನೊಳಗೆ ಒಂದೇ ಆಗಿ ಬೆಳೆಯುವ ಗುಂಡು ಬೀಜ). ಅಂಗಡಿಯವರು ಕೇಳದೆಯೇ 60:40 ಕಟ್ಟಿಕೊಟ್ಟರೆ ಮಾತ್ರ ನಾನೂ ಜಗಳಕ್ಕೆ ನಿಲ್ತೀನಿ. ಕಾನೂನಿನ ಪ್ರಕಾರ 51 ಭಾಗ ಕಾಫಿ ಇದ್ದರೆ ಸಾಕಂತೆ, ನಾಲಿಗೆಗೆ ಸಾಲದು!

ಅಸಲಿಗೆ ರುಚಿ ಕೆಡೋದು ಅವಸರದಿಂದ. ಫಿಲ್ಟರ್‌ಗೆ ಪುಡಿ ಹಾಕಿ ಗಟ್ಟಿಯಾಗಿ ಅದುಮಿದರೆ ನೀರು ಇಳಿಯೋದೇ ಇಲ್ಲ, ಆಮೇಲೆ ಮುಚ್ಚಳ ತೆಗೆದು ಚಮಚದಲ್ಲಿ ಕೆದಕೋದು. ಹಗುರವಾಗಿ ಒತ್ತಿ, ಮೊದಲು ನಾಲ್ಕು ಚಮಚ ಬಿಸಿನೀರು ಹಾಕಿ ಪುಡಿ ನೆನೆಯಲು ಬಿಡಿ, ಅರ್ಧ ನಿಮಿಷದ ನಂತರ ಉಳಿದದ್ದು ಸುರಿಯಿರಿ. ಕುದಿ ನಿಂತ ನೀರು, ಕೊತಕೊತ ಅನ್ನೋದಲ್ಲ. ಇಪ್ಪತ್ತು ನಿಮಿಷ ಆ ಕಡೆ ತಲೆ ಹಾಕಬೇಡಿ.

ಇನ್ನು ಡಿಕಾಕ್ಷನ್ ಆರಿತು ಅಂತ ಒಲೆಯ ಮೇಲಿಟ್ಟು ಕುದಿಸೋರಿಗೆ ಏನು ಹೇಳಲಿ (ನಮ್ಮೆಜಮಾನ್ರು ಇದನ್ನು ಓದ್ತಾರೆ, ಓದಲಿ). ಬಿಸಿ ಬೇಕಾದ್ದು ಹಾಲು. ಕೆನೆ ಸಮೇತ, ನೀರು ಸೋಕಿಸದೆ, ಆಗಷ್ಟೇ ಉಕ್ಕಿದ ಹಾಲು. ಎರಡನೇ ಸಲ ಇಳಿಸಿದ ನೀರು ಡಿಕಾಕ್ಷನ್ ನಮ್ಮಲ್ಲಿ ಕರೆಯದೆ ಬಂದ ನೆಂಟರಿಗೆ ಮೀಸಲು.