ಯುದ್ಧ ಮುಗಿದಿದೆ ಸಾರ್, ಒಂದು ದಿನ ರಜೆ ಬೇಕಿತ್ತು

ಯುದ್ಧ ಶುರು ಮಾಡುವಾಗ ಯಾವ ಮಂತ್ರಿಯೂ "ಸೋಮವಾರ ಇಟ್ಟುಕೊಳ್ಳೋಣ, ಜನರ ವಾರಾಂತ್ಯ ಕೆಡುವುದು ಬೇಡ" ಎಂದದ್ದು ಕೇಳಿಲ್ಲ. ಅದು ಮುಗಿದ ದಿನಕ್ಕೊಂದು ರಜೆ ಕೇಳಿ ನೋಡಿ. ಖಜಾನೆಯವರು ಕ್ಯಾಲ್ಕ್ಯುಲೇಟರ್ ಹಿಡಿದು ಓಡಿ ಬರುತ್ತಾರೆ.

ಈ ವಿದ್ಯೆಯಲ್ಲಿ ಫ್ರಾನ್ಸ್‌ನವರದು ಪಳಗಿದ ಕೈ. 1945ರ ಮೇ 8ಕ್ಕೆ ಯುರೋಪಿನಲ್ಲಿ ಎರಡನೇ ಮಹಾಯುದ್ಧ ಮುಗಿಯಿತು. ಯೋಚಿಸಿ ಯೋಚಿಸಿ 1953ರಲ್ಲಿ ರಜೆ ಕೊಟ್ಟರು. 1959ರಲ್ಲಿ ಕಿತ್ತುಕೊಂಡರು. ಆಗ ಅಧ್ಯಕ್ಷರಾಗಿದ್ದವರು ಬೇರಾರೂ ಅಲ್ಲ, ಅದೇ ಯುದ್ಧದ ವೀರ ದ ಗಾಲ್! 1981ರಲ್ಲಿ ಅಧ್ಯಕ್ಷ ಮಿತ್ತೆರಾಂ ವಾಪಸು ಕೊಟ್ಟರು. 2025ರ ಜುಲೈನಲ್ಲಿ ಪ್ರಧಾನಿ ಬೈರೂ ದೇಶದ ಸಾಲ ತೀರಿಸಬೇಕು, ಆ ದಿನ ಕೊಡಿ ಎಂದು ಮತ್ತೆ ಕೈಚಾಚಿದರು. ರಜೆಗಳಿಂದಾಗಿ ಮೇ ತಿಂಗಳು ತೂತು ತೂತಾದ ಚೀಸ್‌ನಂತಾಗಿದೆ ಎಂಬುದು ಅವರ ಅಳಲು. ಸೆಪ್ಟೆಂಬರ್‌ನಲ್ಲಿ ಸಂಸತ್ತು ವಿಶ್ವಾಸಮತದಲ್ಲಿ ಸೋಲಿಸಿ, ಬೈರೂ ಅವರಿಗೇ ದೀರ್ಘ ರಜೆ ಮಂಜೂರು ಮಾಡಿತು.

ಸೋವಿಯತ್ ಒಕ್ಕೂಟದ ಲೆಕ್ಕ ಇನ್ನೂ ಖಡಕ್ಕು. ಕೋಟಿಗಟ್ಟಲೆ ಜನರನ್ನು ಕಳೆದುಕೊಂಡು ಗೆದ್ದ ಮೇ 9ರ (ಮಾಸ್ಕೋ ಗಡಿಯಾರದಲ್ಲಿ ಆಗಲೇ ಮರುದಿನವಾಗಿತ್ತು) ರಜೆ ಮೂರನೇ ವರ್ಷ ದಾಟಲಿಲ್ಲ. 1948ರಿಂದ ಅಂದು ಎಲ್ಲರೂ ಕೆಲಸಕ್ಕೆ. ಬದಲಿಗೆ ಜನವರಿ 1ಕ್ಕೆ ರಜೆ. ಗೆದ್ದ ದಿನ ಮತ್ತೆ ರಜೆಯಾಗಿದ್ದು 1965ರಲ್ಲಿ.

ಬ್ರಿಟನ್ನಿನವರು ಜಾಣರು, ಹೊಸ ರಜೆ ಕೊಡುವುದಿಲ್ಲ, ಇದ್ದದ್ದನ್ನೇ ತಳ್ಳುತ್ತಾರೆ. ಯುದ್ಧ ಮುಗಿದು 75 ವರ್ಷವಾಯಿತೆಂದು 2020ರ ಮೇ 4ರ ಸೋಮವಾರದ ರಜೆಯನ್ನು 8ರ ಶುಕ್ರವಾರಕ್ಕೆ ಒಯ್ದರು. ಆಗಲೇ ಕ್ಯಾಲೆಂಡರ್ ಅಚ್ಚು ಹಾಕಿಸಿದ್ದವರು ತಲೆ ಚಚ್ಚಿಕೊಂಡರು. ಕೊನೆಗೆ ಆ ಶುಕ್ರವಾರ ಬಂದಾಗ ದೇಶಕ್ಕೆ ದೇಶವೇ ಲಾಕ್‌ಡೌನ್‌ನಲ್ಲಿ ಮನೆಯೊಳಗೆ ಕೂತಿತ್ತು. ರಜೆ ಯಾವುದು, ರಜೆಯಲ್ಲದ್ದು ಯಾವುದು ಎಂದು ಗೊತ್ತಾಗಲು ಕ್ಯಾಲೆಂಡರೇ ನೋಡಬೇಕಿತ್ತು, ಅದೂ ತಪ್ಪು ಅಚ್ಚಾದದ್ದು.

ಆದರೆ ಅಮೆರಿಕಕ್ಕೆ ಸಾಟಿಯಿಲ್ಲ. ಮೊದಲ ಮಹಾಯುದ್ಧದ ಗುಂಡು ನಿಂತದ್ದು ನವೆಂಬರ್ 11ಕ್ಕೆ. ಅದರ ನೆನಪಿನ ರಜೆ ವಾರದ ಮಧ್ಯೆ ಬಂದರೆ ಪ್ರವಾಸ ಹೋಗುವುದು ಹೇಗೆ? ಕಾನೂನು ಮಾಡಿ, 1971ರಿಂದ ಅದನ್ನು ಅಕ್ಟೋಬರ್‌ನ ನಾಲ್ಕನೇ ಸೋಮವಾರಕ್ಕೆ ಎಳೆದರು. ಅಂದರೆ ಯುದ್ಧ ಮುಗಿಯುವ ಎರಡು ವಾರ ಮೊದಲೇ ಸ್ಮರಣೆ! ಮಾಜಿ ಸೈನಿಕರು, "ನಾವು ಆಗಿನ್ನೂ ಕಂದಕದಲ್ಲೇ ಇದ್ದೆವಲ್ಲಪ್ಪಾ" ಅಂದುಕೊಂಡಿರಬೇಕು. 1978ಕ್ಕೆ ದಿನ ಸ್ವಸ್ಥಾನಕ್ಕೆ ಮರಳಿತು. ಇನ್ನು 2025ರ ಮೇನಲ್ಲಿ ಟ್ರಂಪ್ ಎರಡೂ ಮಹಾಯುದ್ಧಗಳಿಗೆ ವಿಜಯ ದಿನ ಘೋಷಿಸಿ, ಅದೇ ಉಸಿರಿನಲ್ಲಿ, ದೇಶಕ್ಕೆ ಬೀಗ ಹಾಕುವುದಿಲ್ಲ, ಈಗಿರುವ ರಜೆಗಳೇ ಹೆಚ್ಚಾದವು ಎಂದರು. ಹೂಮಾಲೆ ಉಂಟು, ಊಟ ಇಲ್ಲ.

ತಾರೀಖು ಹೊಂದಿಸುವ ಈ ಚಟ ಹೊಸದೇನಲ್ಲ. 1918ರ ಆ ನವೆಂಬರ್ 11ರಂದು ಕದನವಿರಾಮಕ್ಕೆ ಸಹಿ ಬಿದ್ದದ್ದು ಬೆಳಗಿನ ಜಾವ ಐದರ ಹೊತ್ತಿಗೆ, ಕಾಡಿನಲ್ಲಿ ನಿಂತಿದ್ದ ರೈಲುಬೋಗಿಯೊಳಗೆ. ಜಾರಿಯಾದದ್ದು ಹನ್ನೊಂದಕ್ಕೆ. ಹನ್ನೊಂದನೇ ತಿಂಗಳು, ಹನ್ನೊಂದನೇ ದಿನ, ಹನ್ನೊಂದನೇ ಗಂಟೆ. ಕೇಳಲು ಎಷ್ಟು ಚೆಂದ. ನಡುವಿನ ಆರು ಗಂಟೆ ಫಿರಂಗಿಗಳು ಎಂದಿನಂತೆ ಡ್ಯೂಟಿ ಮಾಡಿದವು. ಹೆನ್ರಿ ಗುಂಥರ್ ಎಂಬ ಅಮೆರಿಕನ್ ಸೈನಿಕ ಗುಂಡು ತಾಗಿ ಬಿದ್ದಾಗ ಗಂಟೆ 10:59.

ಅಂದಹಾಗೆ, ಅಂದು ಸೋಮವಾರವೇ.