ಚಿಕ್ಕಬಳ್ಳಾಪುರದ ನೆಲ ಅದುರಿದ್ದಕ್ಕೆ ಹುಣ್ಣಿಮೆ ಎಷ್ಟು ಹೊಣೆ?

ಸೂಪರ್‌ಮೂನ್ ಸುದ್ದಿ ಬಂದಾಗಲೆಲ್ಲ ವಾಟ್ಸಾಪ್ ಗುಂಪುಗಳಲ್ಲಿ ಅದೇ ಮಾತು: ಚಂದ್ರ ಹತ್ತಿರ ಬರ್ತಾನೆ, ಭೂಮಿ ನಡುಗುತ್ತೆ, ಹುಷಾರು. ಚಿಕ್ಕಬಳ್ಳಾಪುರದ ಜನ ಇದನ್ನು ಸುಲಭವಾಗಿ ತಳ್ಳಿಹಾಕಲ್ಲ. 2021ರ ಡಿಸೆಂಬರ್ 22ರ ಬೆಳಿಗ್ಗೆ 7 ಗಂಟೆ ಸುಮಾರಿಗೆ ಐದು ನಿಮಿಷದ ಅಂತರದಲ್ಲಿ 2.9 ಮತ್ತು 3.0 ತೀವ್ರತೆಯ ಎರಡು ಕಂಪನಗಳು ಇಲ್ಲಿ ಆದವು. ಹುಣ್ಣಿಮೆ ಬಂದಿದ್ದು 19ಕ್ಕೆ. ಬರೀ ಮೂರು ದಿನದ ವ್ಯತ್ಯಾಸ.

ಚಂದ್ರನ ಸೆಳೆತ ನೆಲಕ್ಕೆ ತಾಗೋದೇ ಇಲ್ಲ ಅಂತ ವಾದಿಸುವವರೂ ತಪ್ಪು ಹೇಳುತ್ತಿದ್ದಾರೆ. ಸಮುದ್ರದ ಹಾಗೆಯೇ ಗಟ್ಟಿ ನೆಲವೂ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಉಬ್ಬಿ ಇಳಿಯುತ್ತೆ. ನಂದಿಬೆಟ್ಟವೂ ಅದರ ಬುಡದ ಹೊಲಗಳೂ ಒಟ್ಟಿಗೇ ಒಂದು ಅಡಿಯಷ್ಟು ಮೇಲೇರಿ ಕೆಳಗಿಳಿಯುತ್ತವೆ. ಆ ಉಬ್ಬು ಸಾವಿರಾರು ಕಿಲೋಮೀಟರ್ ಅಗಲ ಇರುವುದರಿಂದ ಗೋಡೆ ಬಿರುಕು ಬಿಡಲ್ಲ, ಯಾರಿಗೂ ಗೊತ್ತಾಗಲ್ಲ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯನ ಎಳೆತವೂ ಜೊತೆಗೂಡುತ್ತೆ. ಸೂರ್ಯನ ಪಾಲು ಚಂದ್ರನದರ ಅರ್ಧಕ್ಕಿಂತ ತುಸು ಕಡಿಮೆ. ಚಂದ್ರ ತೀರಾ ಹತ್ತಿರ, ಅಂದರೆ ಸುಮಾರು 3,56,500 ಕಿ.ಮೀ. ದೂರದಲ್ಲಿದ್ದಾಗ ಅವನ ಉಬ್ಬರದ ಬಲ ಸರಾಸರಿಗಿಂತ ಕಾಲು ಭಾಗ ಹೆಚ್ಚು. ಸೂಪರ್‌ಮೂನ್ ಅನ್ನೋದರ ಬಲ ಅಷ್ಟೇ.

ಈಗ ಇದು ಬಂಡೆಯ ಮೇಲೆ ಎಷ್ಟು ಒತ್ತಡ ಹಾಕುತ್ತೆ ಅಂತ ನೋಡೋಣ. 1ರಿಂದ 4 ಕಿಲೋಪ್ಯಾಸ್ಕಲ್. ಬೈಕಿನ ಟೈರಿಗೆ ತುಂಬಿಸುವ ಗಾಳಿಯ ಒತ್ತಡವೇ 200 ಕಿಲೋಪ್ಯಾಸ್ಕಲ್. ಭೂಕಂಪ ಆದಾಗ ಬಂಡೆಯಿಂದ ಬಿಡುಗಡೆಯಾಗುವ ಒತ್ತಡವೋ ಸಾಮಾನ್ಯವಾಗಿ 1,000ದಿಂದ 10,000 ಕಿಲೋಪ್ಯಾಸ್ಕಲ್. ಅಷ್ಟನ್ನು ಚಂದ್ರ ಕೂಡಿಡಲು ಸಾಧ್ಯವಿಲ್ಲ. ಭಾರತದ ಭೂಫಲಕ ಉತ್ತರಕ್ಕೆ ಸರಿದು ಹಿಮಾಲಯಕ್ಕೆ ಒತ್ತುತ್ತಿರುವುದರಿಂದ ನಮ್ಮ ಹಳೆಯ ಗಟ್ಟಿ ಶಿಲೆಯೊಳಗೂ ಆ ಒತ್ತಡ ಸಾವಿರಾರು ವರ್ಷ ಸೇರುತ್ತಾ ಬಂದಿರುತ್ತೆ.

ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯ್ತು ಅಂತೀವಲ್ಲ, ಇಲ್ಲಿ ಆ ಮಾತನ್ನು ಇನ್ನೂ ಸ್ವಲ್ಪ ಬಗೆದು ನೋಡಬೇಕು. ಕೊಂಬೆ ಒಳಗೇ ಟೊಳ್ಳಾಗಿ ಇನ್ನೇನು ಬೀಳುವುದರಲ್ಲಿದ್ದರೆ ಕಾಗೆಯ ಭಾರವೂ ಲೆಕ್ಕಕ್ಕೆ ಬರುತ್ತೆ. ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಬಿರುಕಿನ ಆಳದಲ್ಲಿ ಆಗುವ ಅತಿ ಸಣ್ಣ ಕಂಪನಗಳು ಚಂದ್ರನ ಹದಿನೈದು ದಿನದ ಏರಿಳಿತಕ್ಕೆ ತಕ್ಕಂತೆ ಹೆಚ್ಚುಕಡಿಮೆ ಆಗುತ್ತವೆ ಅಂತ 2016ರಲ್ಲಿ ತೋರಿಸಿದ್ದಾರೆ. ಅದೇ ವರ್ಷ ಟೋಕಿಯೊ ವಿಶ್ವವಿದ್ಯಾಲಯದವರು, ಉಬ್ಬರದ ಒತ್ತಡ ಹೆಚ್ಚಿದ್ದಾಗ ಶುರುವಾದ ಸಣ್ಣ ಬಿರುಕು ದೊಡ್ಡದಾಗಿ ಬೆಳೆಯುವ ಸಾಧ್ಯತೆ ತುಸು ಹೆಚ್ಚು ಅಂದರು. ಎರಡೇ ವರ್ಷಕ್ಕೆ ಅಮೆರಿಕದ ಭೂಕಂಪತಜ್ಞೆ ಸೂಸನ್ ಹಫ್ 8 ಮತ್ತು ಅದಕ್ಕಿಂತ ದೊಡ್ಡ ಭೂಕಂಪಗಳ ದಿನಾಂಕಗಳನ್ನು ಚಂದ್ರನ ಗತಿಯ ಜೊತೆ ಹೊಂದಿಸಿ ನೋಡಿದರು. ಇಂಥ ಭೂಕಂಪಗಳಿಗೆ ಇಷ್ಟವಾದ ತಿಥಿ ಉಂಟೇ ಅನ್ನೋದು ಅವರ ಪ್ರಬಂಧದ ಪ್ರಶ್ನೆ. ಸಾರಾಂಶದಲ್ಲಿ ಕೊಟ್ಟ ಉತ್ತರ ಒಂದೇ ಪದ: ಇಲ್ಲ. ನನ್ನ ಪ್ರಕಾರ ಈ ಮೂರೂ ಒಟ್ಟಿಗೆ ನಿಲ್ಲುತ್ತವೆ. ಪ್ರಭಾವ ಇದೆ. ಆದರೆ ಊರು ಖಾಲಿ ಮಾಡಿಸುವ ಮುನ್ಸೂಚನೆಗೆ ಅದು ಏನೇನೂ ಸಾಲದು.

ಭೂಕಂಪಕ್ಕೆ ಚಂದ್ರನೇ ಕಾರಣ ಅಂತ ಪಟ್ಟಿ ಮಾಡಿಕೊಂಡು ಬರುವವರು ಹೇಳುವ ಹೆಸರುಗಳು ದೊಡ್ಡವೇ. 1993ರ ಲಾತೂರು ಅನಂತ ಚತುರ್ದಶಿಯ ಮರುದಿನ ನಸುಕಿಗೆ, 2001ರ ಭುಜ್ ಅಮಾವಾಸ್ಯೆಯಾಗಿ ಎರಡು ದಿನಕ್ಕೆ, 2004ರ ಸುಮಾತ್ರಾ ಹುಣ್ಣಿಮೆಯ ದಿನವೇ. ಹಾಗಾದರೆ 2015ರ ನೇಪಾಳ? ಅದು ಸಪ್ತಮಿ-ಅಷ್ಟಮಿಯ ಹೊತ್ತು, ಉಬ್ಬರ ತೀರಾ ತಗ್ಗಿದ್ದ ಸಮಯ. 1967ರ ಮಹಾರಾಷ್ಟ್ರದ ಕೊಯ್ನಾ ಭೂಕಂಪ ದಶಮಿಯ ಆಸುಪಾಸು. ಪಂಚಾಂಗ ತೆಗೆದು ನೀವೇ ಎಣಿಸಿ: ಹುಣ್ಣಿಮೆಯ ಹಿಂದೆ ಮುಂದೆ ಮೂರು ಮೂರು ದಿನ ಸೇರಿ ಏಳು, ಅಮಾವಾಸ್ಯೆಗೂ ಹಾಗೇ ಏಳು. ತಿಂಗಳ ಇಪ್ಪತ್ತೊಂಬತ್ತೂವರೆ ದಿನದಲ್ಲಿ ಹದಿನಾಲ್ಕು ದಿನ ಅಲ್ಲೇ ಆಯ್ತು. ಕಣ್ಣುಮುಚ್ಚಿ ಯಾವ ದಿನ ಆರಿಸಿದರೂ ಹೆಚ್ಚುಕಡಿಮೆ ಅರ್ಧದಷ್ಟು ಸಲ ನಮ್ಮ ಮಾತೇ ನಿಜವಾಗುತ್ತೆ.

ಕಾಲೇಜಿನ ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಲು ಹೊರಟರೆ ಮೂರು ಕಡೆ ಎಡವುತ್ತಾರೆ. ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ಸಮಯ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ ಇರುತ್ತೆ, ಅದನ್ನು ಸೇರಿಸದಿದ್ದರೆ ದಿನವೇ ಬದಲಾಗುತ್ತೆ. ಒಂದು ಕಂಪನದ ಬೆನ್ನಿಗೇ ಬರುವ ಹತ್ತಾರು ಮರುಕಂಪನಗಳನ್ನು ಬೇರೆ ಬೇರೆಯಾಗಿ ಎಣಿಸಿದರೆ ಒಂದೇ ತಿಥಿಗೆ ಸುಳ್ಳು ರಾಶಿ ಬೀಳುತ್ತೆ. ನಮ್ಮ ಜಿಲ್ಲೆಗೆ ವಿಶೇಷವಾಗಿ, ಕಲ್ಲು ಕ್ವಾರಿಯ ಸಿಡಿತಗಳೂ ಕಂಪನಮಾಪಕದಲ್ಲಿ ಮೂಡುತ್ತವೆ. ಸಿಡಿತದಲ್ಲಿ ಮೊದಲ ಅಲೆ ಎಲ್ಲ ದಿಕ್ಕಿಗೂ ಹೊರಕ್ಕೇ ತಳ್ಳುತ್ತೆ. ಬಿರುಕು ಜಾರಿದಾಗ ಕೆಲವು ಕಡೆ ಹೊರಕ್ಕೆ, ಕೆಲವು ಕಡೆ ಒಳಕ್ಕೆ. ಗೌರಿಬಿದನೂರಿನಲ್ಲಿ 1965ರಿಂದ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಕಂಪನಮಾಪಕಗಳು ಎಲ್ ಆಕಾರದಲ್ಲಿ ಸಾಲಾಗಿ ಕೂತಿವೆ. ಅಷ್ಟು ದೂರದ ಅಣುಪರೀಕ್ಷೆಯನ್ನೂ ಭೂಕಂಪವನ್ನೂ ಬೇರ್ಪಡಿಸುವ ಕೆಲಸ ನಮ್ಮ ಮನೆಬಾಗಿಲಲ್ಲೇ ನಡೆಯುತ್ತಿದೆ. ಇದು ನಮ್ಮ ಶಾಲೆಗಳಲ್ಲಿ ಪಾಠವಾಗಬೇಕಿತ್ತು.

ಹಾಗಾದರೆ 2021ರಲ್ಲಿ ಏನಾಯ್ತು? ಆ ನವೆಂಬರ್ ಮಳೆ ನೆನಪಿದೆಯಲ್ಲ, ವರ್ಷಗಳಿಂದ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ಹತ್ತು ಸೆಂಟಿಮೀಟರ್ ನೀರು ನಿಂತರೆ ತಳಕ್ಕೆ ಒಂದು ಕಿಲೋಪ್ಯಾಸ್ಕಲ್ ಒತ್ತಡ. ಅಂದರೆ ಚಂದ್ರ ಹಾಕುವ ಪೂರ್ತಿ ಒತ್ತಡಕ್ಕೆ ಮೊಣಕಾಲುದ್ದ ನೀರು ಸಾಕು. ಬೋರ್‌ವೆಲ್‌ಗಳಲ್ಲಿ ಅಂತರ್ಜಲ ನೂರು ಅಡಿ ಮೇಲೆ ಬಂದರೆ ಬಂಡೆಯ ಬಿರುಕುಗಳೊಳಗೆ 300 ಕಿಲೋಪ್ಯಾಸ್ಕಲ್ ಹೆಚ್ಚುತ್ತೆ. ಆ ನೀರು ಬಿರುಕಿನ ಎರಡೂ ಮೈಗಳನ್ನು ಒಳಗಿನಿಂದ ತಳ್ಳಿ ಹಿಡಿತ ಸಡಿಲಿಸುತ್ತೆ, ಮೊದಲೇ ಒತ್ತಡದಲ್ಲಿದ್ದ ಕಲ್ಲು ಚೂರು ಜಾರುತ್ತೆ. ಕೊಯ್ನಾದಲ್ಲಿ ಜಲಾಶಯ ತುಂಬಿ ಇಳಿಯುವುದಕ್ಕೂ ಕಂಪನಕ್ಕೂ ಇರುವ ನಂಟನ್ನು ದಶಕಗಳಿಂದ ಅಳೆಯುತ್ತಿದ್ದಾರೆ. ಚಿಕ್ಕಬಳ್ಳಾಪುರದ ಕಂಪನಕ್ಕೂ ಈ ನೀರಿನ ಕಾರಣವೇ ನನಗೆ ಹೆಚ್ಚು ಒಪ್ಪಿತ. ಪಕ್ಕದ ಕೆ.ಜಿ.ಎಫ್‌ನಲ್ಲಿ ಬಂಡೆ ಸಿಡಿದು ಮೇಲಿನ ಮನೆಗಳೂ ನಡುಗುತ್ತಿದ್ದುದಕ್ಕೆ ಕಾರಣವೂ ಕೆಳಗೇ ಇತ್ತು: ಮೂರು ಕಿಲೋಮೀಟರಿಗೂ ಆಳಕ್ಕೆ ಅದಿರು ತೆಗೆದಂತೆ ಉಳಿದ ಕಲ್ಲಿನ ಮೇಲೆ ಭಾರ ಬಿತ್ತು.

ಚಂಡಮಾರುತ, ಬರ ಇವಕ್ಕೂ ಚಂದ್ರನನ್ನು ಎಳೆದು ತರುವುದರಲ್ಲಿ ಹುರುಳಿಲ್ಲ. ಕರಾವಳಿಯ ಮಾತು ಬೇರೆ. ಹುಣ್ಣಿಮೆಯ ಉಬ್ಬರದ ಹೊತ್ತಿಗೇ ಬಿರುಗಾಳಿ ಅಪ್ಪಳಿಸಿದರೆ ನೀರು ಇನ್ನಷ್ಟು ಒಳಕ್ಕೆ ನುಗ್ಗುತ್ತೆ.

ನನಗೆ ಸಂಕಟ ಆಗೋದು ಇನ್ನೊಂದು ಕಾರಣಕ್ಕೆ. ಇಂಥ ಸುದ್ದಿಗೆ ಹೆದರಿ ಒಂದು ರಾತ್ರಿ ಅಂಗಳದಲ್ಲಿ ಮಲಗಿ ಮರುದಿನ ಅದೇ ಮಣ್ಣುಕಲ್ಲಿನ ಗೋಡೆ, ಅದೇ ಚಪ್ಪಡಿಕಲ್ಲಿನ ಸೂರಿನ ಕೆಳಗೆ ಹೋಗಿ ಮಲಗುತ್ತೇವೆ. ಲಾತೂರಿನ ಕಿಲ್ಲಾರಿಯೂ ಅಂದಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯ 1ರಲ್ಲೇ ಇತ್ತು. ಅಲ್ಲಿ ಜನ ಸತ್ತದ್ದು ದಪ್ಪ ಕಲ್ಲುಗೋಡೆಗಳ ಒಳಮೈ, ಹೊರಮೈ ಬೇರೆಯಾಗಿ ಕುಸಿದು. ಹಾಗಾಗದಂತೆ ಗೋಡೆಯ ಪೂರ್ತಿ ದಪ್ಪಕ್ಕೂ ಹಾಯುವ ಕಲ್ಲುಗಳನ್ನು ಪ್ರತಿ ಎರಡು ಅಡಿ ಎತ್ತರಕ್ಕೆ, ನಾಲ್ಕು ಅಡಿಗೆ ಒಂದರಂತೆ ಇಡಿಸಿ. ಬಾಗಿಲು, ಕಿಟಕಿಗಳ ಮೇಲಿನ ಲಿಂಟಲ್ ಅನ್ನು ತುಂಡು ತುಂಡಾಗಿ ಹಾಕಬೇಡಿ; ಎಲ್ಲ ಗೋಡೆಗಳ ಮೇಲೂ ಮುರಿಯದೆ ಸುತ್ತಿ ಬರಲಿ, ಕನಿಷ್ಠ ಮೂರು ಇಂಚು ದಪ್ಪ, ಒಳಗೆ ಎರಡು ಕಂಬಿ, ಮೂಲೆಗಳಲ್ಲಿ ಕಂಬಿ ಬಾಗಿ ಪಕ್ಕದ ಗೋಡೆಗೆ ಹೋಗಬೇಕು. ಮೇಸ್ತ್ರಿ ಕಂಬಿಯನ್ನು ಮೂಲೆಯಲ್ಲೇ ಕತ್ತರಿಸಿಬಿಟ್ಟರೆ ಆ ಪಟ್ಟಿಗೆ ಅರ್ಥವೇ ಇಲ್ಲ, ಆದ್ದರಿಂದ ಕಾಂಕ್ರೀಟ್ ಸುರಿಯುವ ಮೊದಲು ನಾಲ್ಕೂ ಮೂಲೆಗೆ ಹತ್ತಿ ನೋಡಿ.