ಎತ್ತಿಗೆ ಜ್ವರ, ಸಾಫ್ಟ್‌ವೇರ್‌ಗೆ ಬರೆ

ನಮ್ಮ ಕಂಪನಿ ಯಂತ್ರ ಮಾಡುತ್ತದೆ. ಯಾವ ಯಂತ್ರ ಅಂತ ಕೇಳಬೇಡಿ. ಅಂಗಡಿಯಲ್ಲೂ ಈಗ ಯಾರೂ ಕೇಳುತ್ತಿಲ್ಲ. ನಾನು ಅದಕ್ಕೆ ಸಾಫ್ಟ್‌ವೇರ್ ಬರೆಯುವವನು.

ಯಂತ್ರದ ಒಂದೊಂದು ಬಿಡಿಭಾಗಕ್ಕೂ ಬೆಲೆ ಬರೆದಿಡುವ ಪಟ್ಟಿ ಇರುತ್ತದೆ. ಬಿಓಎಂ ಅಂತಾರೆ. ಅದರಲ್ಲಿ ಸ್ಕ್ರೂ ಇದೆ, ರಬ್ಬರ್ ಕಾಲಿದೆ, ಡಬ್ಬಿಯೊಳಗೆ ತುರುಕುವ ಎಚ್ಚರಿಕೆ ಚೀಟಿಯೂ ಇದೆ. ಸಾಫ್ಟ್‌ವೇರ್ ಮಾತ್ರ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಬೆಲೆಯಿಲ್ಲ, ಬೆಲೆಯಿಲ್ಲದ್ದಕ್ಕೆ ಟೈಮೂ ಇಲ್ಲ.

ಒಮ್ಮೆ ಬಿಸಿ ಅಳೆಯುವ ಸೆನ್ಸರನ್ನು ಪವರ್ ಚಿಪ್ಪಿನ ಮಗ್ಗುಲಲ್ಲೇ ಕೂರಿಸಿದ್ದರು. ಚಿಪ್ ಕಾದಾಗಲೆಲ್ಲ ಯಂತ್ರಕ್ಕೆ ಜ್ವರ. ಹಾರ್ಡ್‌ವೇರ್‌ನವರಿಗೆ ಹೋಗಿ ಹೇಳಿದೆ. "ಸರ್ಕ್ಯೂಟ್ ಬೋರ್ಡ್ ಆಗಲೇ ಫ್ಯಾಕ್ಟರಿಗೆ ಹೋಯ್ತಲ್ಲಪ್ಪ, ನೀನೇ ಕೋಡಲ್ಲಿ ಏಳು ಡಿಗ್ರಿ ಕಳೆದುಬಿಡು" ಅಂದರು. ಕಳೆದೆ. ಈಗ ಬೆಳಿಗ್ಗೆ ಆನ್ ಮಾಡಿದ ಕೂಡಲೇ, ಚಿಪ್ ಇನ್ನೂ ತಣ್ಣಗಿರುವಾಗ, ಯಂತ್ರಕ್ಕೆ ಚಳಿ. ಅದು ಸಾಫ್ಟ್‌ವೇರ್ ಬಗ್ ಅಂತ ನನ್ನ ಹೆಸರಲ್ಲಿ ದಾಖಲಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋದಕ್ಕೆ ನಮ್ಮಲ್ಲಿ ಪ್ರೊಸೆಸ್ ಅಂತ ಹೆಸರು.

ಆಮೇಲೆ ಮಾರಾಟ ಬಿತ್ತು ನೋಡಿ, ನಮ್ಮ ದೆಸೆ ತಿರುಗಿತು. "ಇನ್ನು ಮೇಲೆ ನಮ್ಮದು ಸಾಫ್ಟ್‌ವೇರ್ ಕಂಪನಿ" ಅಂತ ಸಿಇಓ ಸಾಹೇಬರು ಸಾರಿದರು. ಚಪ್ಪಾಳೆ. ಮರುದಿನವೇ ಕೆಲಸ ಬಂತು: ಯಂತ್ರದಲ್ಲಿ ಮೊದಲಿಂದಲೂ ಇರುವ ಮೂರು ಬಟನ್‌ಗಳಿಗೆ ಬೀಗ ಹಾಕಬೇಕು, ತಿಂಗಳ ಬಾಡಿಗೆ ಕಟ್ಟಿದವರಿಗಷ್ಟೇ ತೆಗೆಯಬೇಕು.

ಇದೇನು ನಮ್ಮ ಸ್ವಂತ ಐಡಿಯಾ ಅಲ್ಲ. 2022ರಲ್ಲಿ ಬಿಎಂಡಬ್ಲ್ಯೂ ಕಂಪನಿ ಕೆಲವು ದೇಶಗಳಲ್ಲಿ ಕಾರಿನ ಸೀಟು ಬೆಚ್ಚಗಾಗಲು ತಿಂಗಳ ಚಂದಾ ಕೇಳಿತ್ತು. ಬಿಸಿ ಮಾಡುವ ಸಾಮಾನು ಸೀಟಿನೊಳಗೆ ಇದ್ದೇ ಇತ್ತು! ಜನ ಬೈದರು, ಮರುವರ್ಷ ಕೈಬಿಟ್ಟರು. ಪ್ರಿಂಟರಿನವರು ಇದರಲ್ಲಿ ಇನ್ನೂ ಹಳಬರು. ಇಂಕ್ ಡಬ್ಬಿಗೊಂದು ಚಿಪ್. ನಿನ್ನೆಯವರೆಗೆ ನಡೆಯುತ್ತಿದ್ದ ಬೇರೆಯವರ ಡಬ್ಬಿಯನ್ನು ರಾತ್ರಿ ಬಂದ ಅಪ್‌ಡೇಟ್ ಬೆಳಿಗ್ಗೆ ಒಲ್ಲೆ ಅನ್ನುತ್ತದೆ. ಪಾಪ, ಆ ಅಪ್‌ಡೇಟನ್ನೂ ನನ್ನಂಥವನೇ ಒಬ್ಬ ಕೂತು ಬರೆದಿರುತ್ತಾನೆ.

ಯಂತ್ರ ಓಡಲಿ ಅಂತ ಬರೆಯುತ್ತಿದ್ದವನು ಈಗ ಓಡದಿರಲಿ ಅಂತ ಬರೆಯುತ್ತಿದ್ದೇನೆ. ಓಡಿಸುವ ಕೋಡಿಗೆ ಒಬ್ಬ ಟೆಸ್ಟರ್ ಇದ್ದ. ನಿಲ್ಲಿಸುವ ಕೋಡಿಗೆ ನಾಲ್ವರು. ಮೊದಲ ಸಲ ಸಾಕಷ್ಟು ಟೈಮೂ ಸಿಕ್ಕಿತು. ಬಟನ್ ಈಗ ಎಷ್ಟು ಚೆನ್ನಾಗಿ ಕೆಲಸ ಮಾಡಲ್ಲ ಅಂದರೆ, ಬಾಡಿಗೆ ಕಟ್ಟಿದವರಿಗೂ ಮಾಡಲ್ಲ.

ಮೊನ್ನೆ ಯಾರೋ ಸೂಟು ಹಾಕಿಕೊಂಡವರು ಬಂದು ಕಟ್ಟಡವನ್ನೆಲ್ಲ ಅಳೆದು ಹೋದರು. ನನಗೆ ಸನ್ ಮೈಕ್ರೋಸಿಸ್ಟಮ್ಸ್ ನೆನಪಾಯಿತು. ಸರ್ವರ್ ಮಾಡಿ ಮೆರೆದ ಆ ಕಂಪನಿಯನ್ನು 2010ರಲ್ಲಿ ಒರಾಕಲ್ ಕೊಂಡಿತು. ಕ್ಯಾಲಿಫೋರ್ನಿಯಾದ ಅವರ ಕ್ಯಾಂಪಸ್ಸಿಗೆ ಫೇಸ್‌ಬುಕ್ ಬಂತು. ಗೇಟಿನ ಬೋರ್ಡನ್ನು ಕಿತ್ತೆಸೆಯಲಿಲ್ಲ. ಮುಂದೆ ಹೆಬ್ಬೆರಳಿನ ಚಿತ್ರ ಬಂತು, ಹಿಂಬದಿಯಲ್ಲಿ ಸನ್ ಹೆಸರು ಹಾಗೇ ಉಳಿಯಿತು.

ಸುಮ್ನೆ ಹೋಗಿ ನಮ್ಮ ಬೋರ್ಡನ್ನೂ ಹಿಂದಿನಿಂದ ನೋಡಿ ಬಂದೆ. ಟೊಳ್ಳು. ಖರ್ಚು ಉಳಿಸೋಕೆ ಒಂದೇ ಮಗ್ಗುಲು ಮಾಡಿಸಿದ್ದಾರೆ.